ಕೊನೆಯ ಬಿಲ್ಲೆಗಳ ಗಣಿತ

ಇಸ್ಪೀಟಿನಲ್ಲಿ ದೊಡ್ಡ ಎಲೆ ಬಂದವನೇ ಗೆಲ್ಲುವನೆಂಬುದು ಸಾಮಾನ್ಯ ಭಾವನೆ. ಅಮೆರಿಕದ ಪೋಕರ್ ಆಟದ ‘ಲೋಬಾಲ್’ ಎಂಬ ಪ್ರಭೇದದಲ್ಲಿ ಈ ನಿಯಮವು ತಲೆಕೆಳಗಾಗಿದೆ. ಅಲ್ಲಿ ಅತ್ಯಂತ ಕಿರಿಯ ಎಲೆಗಳಿಗೇ ಜಯ. ಲಾಸ್ ವೇಗಾಸ್ ನಗರದಲ್ಲಿ 1970ರಲ್ಲಿ ಆರಂಭವಾದ ವಿಶ್ವ ಪೋಕರ್ ಸ್ಪರ್ಧಾಮಾಲೆಯಲ್ಲಿ ಇದಕ್ಕೂ ಸ್ಥಾನವುಂಟು. ಜೂಜಿನ ಮೋಹವನ್ನು ಬದಿಗಿರಿಸಿ, ಇದರಲ್ಲಡಗಿರುವ ಸಂಭವನೀಯತೆಯ ಸಮಸ್ಯೆಯೊಂದನ್ನು ಪರಿಶೀಲಿಸೋಣ.

ಈ ಆಟದ ಒಂದು ಬಗೆಯಲ್ಲಿ ಪ್ರತಿಯೊಬ್ಬನಿಗೂ ಐದು ಎಲೆಗಳು. ಬೇಡವಾದವನ್ನು ಒಮ್ಮೆ ಮಾತ್ರ ಬದಲಾಯಿಸಬಹುದು. ಎಕ್ಕವೇ ಎಲ್ಲಕ್ಕಿಂತ ದೊಡ್ಡದು. ಜೋಡಿ, ಅನುಕ್ರಮ, ಒಂದೇ ಜಾತಿಯ ಐದು ಎಲೆಗಳು—ಇವೆಲ್ಲ ದೋಷಗಳು. ಆದುದರಿಂದ ಬೇರೆ ಬೇರೆ ಜಾತಿಯ 7, 5, 4, 3, 2 ಸರ್ವೋತ್ತಮ. ಎರಡು ಕೈಗಳನ್ನು ಹೋಲಿಸುವಾಗ ಮೊದಲು ಅವುಗಳ ಅತ್ಯಂತ ದೊಡ್ಡ ಎಲೆಗಳನ್ನು ನೋಡಬೇಕು. ಅವು ಸಮವಾದರೆ ಮುಂದಿನವನ್ನು.

ಸ್ಪರ್ಧಿಯೊಬ್ಬನಲ್ಲಿ ಕೆಲವೇ ಬಿಲ್ಲೆಗಳು ಉಳಿದಿವೆ, ಅವನ್ನೆಲ್ಲ ಪಣಕ್ಕೊಡ್ಡಿದ್ದಾನೆ. ಸೋತರೆ ಸ್ಪರ್ಧೆಯಿಂದಲೇ ನಿರ್ಗಮನ. ಅವನ ಕೈಯಲ್ಲಿ 10, 7, 5, 3, 2. ಹತ್ತನ್ನು ಎಸೆದು ಇನ್ನೂ ಕಿರಿಯ ಎಲೆಗಾಗಿ ಪ್ರಯತ್ನಿಸಬೇಕೆ, ಇದ್ದುದರಲ್ಲೇ ತೃಪ್ತನಾಗಬೇಕೆ?

ಉತ್ತರವು ಎದುರಾಳಿಯನ್ನು ಅವಲಂಬಿಸಿದೆ. ಅವನು ರಾಜನನ್ನು ಎಸೆದು, 8, 6, 4, 2 ಇಟ್ಟುಕೊಂಡು, ಒಂದು ಎಲೆಯನ್ನು ಬೇಡುವನೆಂದು ಊಹಿಸೋಣ. ಉಳಿದ 42 ಎಲೆಗಳಲ್ಲಿ 3, 5, 7ರ ತಲಾ ಮೂರು, 9ರ ನಾಲ್ಕು—ಒಟ್ಟು 13 ಮಾತ್ರ ಅವನಿಗೆ ಜಯ ತರುವಂಥವು. ಹತ್ತು ಬಂದರೂ ಅವನಿಗೆ ಸೋಲೇ. 10ರ ನಂತರ ಅವನದು 8, ನಮ್ಮ ಸ್ಪರ್ಧಿಯದು 7. ಹೀಗೆ ಸುಮ್ಮನಿದ್ದರೆ ಗೆಲ್ಲುವ ಸಂಭವ 42ರಲ್ಲಿ 29, ಅಂದರೆ ಶೇಕಡಾ 69. ಹತ್ತನ್ನು ಎಸೆದರೆ, ಇಬ್ಬರಿಗೂ ಬರಬಹುದಾದ 1,722 ಎಲೆಜೋಡಿಗಳಲ್ಲಿ 928 ಮಾತ್ರ ಅನುಕೂಲ: ಶೇಕಡಾ 54. ಉತ್ತಮವಾದುದನ್ನು ಬಯಸಿ ಇದ್ದುದನ್ನು ಕೆಡಿಸಿದಂತಾಯಿತು!

ಎದುರಾಳಿಯು ಮೊದಲೇ 9, 8, 6, 4, 2 ಹಿಡಿದು ಎಲೆ ಬೇಡವೆಂದರೆ? ಆಗ ಸುಮ್ಮನಿರುವುದೇ ಖಚಿತವಾದ ಸೋಲು. ಹತ್ತನ್ನು ಎಸೆದರೆ 4, 6, 8, 9—ಇವುಗಳ ತಲಾ ಮೂರರಂತೆ 12 ಎಲೆಗಳು ಉಳಿಸಬಲ್ಲವು. ಸಂಭವ ಶೇಕಡಾ 29. ಎದುರಾಳಿಯ ಎಲೆಗಳು ನಿಜವಾಗಿ ಕಾಣವು. ಆದರೆ ಅವನು ಎಷ್ಟು ಬದಲಾಯಿಸಿದನೆಂಬುದು ಕಾಣುತ್ತದೆ. ಆದುದರಿಂದ ಅವನ ನಂತರ ನಿರ್ಧರಿಸುವವನಿಗೆ ಅನುಕೂಲ ಹೆಚ್ಚು.

ಹಣದ ಬೆಲೆ ಅದನ್ನುಳ್ಳವನ ಸ್ಥಿತಿಯನ್ನು ಅವಲಂಬಿಸಿದೆಯೆಂದು ಡೇನಿಯಲ್ ಬರ್ನೂಲಿ 1738ರಲ್ಲಿ ತೋರಿಸಿದನು. ಸ್ಪರ್ಧೆಯಲ್ಲಿಯೂ ಕೊನೆಯ ಬಿಲ್ಲೆಯ ಬೆಲೆ ಅಧಿಕ. ಆದರೆ ಆ ಚಿಂತೆಯ ಕಾಲ ಪಣವೊಡ್ಡುವ ಮುನ್ನ. ಎಲ್ಲವನ್ನೂ ಒಡ್ಡಿದ ಮೇಲೆ ಮುಂದೆ ಪಣವಿಲ್ಲ, ಹೆದರಿಸುವ ಉಪಾಯವೂ ಇಲ್ಲ, ಉಳಿಯುವುದು ಎಣಿಕೆಯೊಂದೇ.

ಒಳ್ಳೆಯ ನಿರ್ಧಾರವೂ ಸೋಲಬಹುದು. ಮೇಲಿನ ಶೇಕಡಾ 69ರಲ್ಲಿ 31 ಸೋಲುಗಳು ಅಡಗಿವೆ. ಫಲವನ್ನು ನೋಡಿ ನಿರ್ಧಾರವನ್ನು ಅಳೆಯದೆ, ಆ ಕ್ಷಣದಲ್ಲಿ ತಿಳಿದಿದ್ದುದನ್ನು ಸರಿಯಾಗಿ ಎಣಿಸಿದೆವೇ ಎಂದು ಕೇಳಿಕೊಳ್ಳುವುದೇ ವಿಜ್ಞಾನದ ಮಾರ್ಗ.