ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕನ್ನಡದ ಅತಿಥಿಗಳು

ವಿಶ್ವವಿದ್ಯಾಲಯದ ವಿಭಾಗವೊಂದು ಏರ್ಪಡಿಸುವ ಅತಿಥಿ ಉಪನ್ಯಾಸ, ವಿಚಾರ ಸಂಕಿರಣ, ನಾಟಕ ಪ್ರದರ್ಶನಗಳನ್ನು ವಾರ್ಷಿಕ ವರದಿಗೆ ಸೇರುವ ಸಂಗತಿಗಳೆಂದಷ್ಟೇ ಭಾವಿಸುವುದು ವಾಡಿಕೆ. ಆದರೆ ಭಾಷೆಯೊಂದು ತನ್ನ ನೆಲದಾಚೆಗೆ ಓದುಗರನ್ನು ಪಡೆಯುವ ಬಗೆಯನ್ನು ಪರಿಶೀಲಿಸಿದಾಗ ಇಂತಹ ಭೇಟಿಗಳ ಪಾತ್ರ ಸಣ್ಣದಲ್ಲವೆಂಬುದು ತಿಳಿಯುತ್ತದೆ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಿಂದ ದಕ್ಷಿಣಕ್ಕೆ ಹೊರಟರೆ ನಿಡಗುಂದಿ. ಮುಂದೆ ಕೃಷ್ಣೆಯನ್ನು ದಾಟಿದರೆ ಕೂಡಲಸಂಗಮ. ಈ ಕಿರು ಸೀಮೆಯ ನೆನಪುಗಳೊಡನೆ ಬೆಸೆದುಕೊಂಡ ವಚನಗಳು ಚಿಕಾಗೋ ನಗರದ ತರಗತಿಗಳನ್ನು ತಲುಪಿದುದು ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ, 1946ರಲ್ಲಿ, ಅಮೆರಿಕದಲ್ಲಿ ಫುಲ್‌ಬ್ರೈಟ್ ಕಾಯಿದೆ ಜಾರಿಗೆ ಬಂದಿತು. 1950ರಲ್ಲಿ ಭಾರತದೊಡನೆ ಒಪ್ಪಂದವಾಗಿ ವಿದ್ವಾಂಸರ ವಿನಿಮಯ ಆರಂಭವಾಯಿತು. ಈ ಸೇತುವೆಗೆ ಎರಡು ತುದಿಗಳಿದ್ದವು. ಒಂದು ತುದಿಯಲ್ಲಿ ಭಾರತೀಯರು ಅಮೆರಿಕವನ್ನು ಅಭ್ಯಸಿಸತೊಡಗಿದರು. 1964ರಲ್ಲಿ ಹೈದರಾಬಾದಿನಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರ ಸ್ಥಾಪನೆಗೊಂಡಿತು, ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯನವರು ಅಮೆರಿಕನ್ ಸಾಹಿತ್ಯದ ಬೋಧನೆಗೆ ವಿಶೇಷ ಗಮನ ನೀಡಿದರು. ಇನ್ನೊಂದು ತುದಿಯಲ್ಲಿ ಅಮೆರಿಕನ್ನರು ಭಾರತವನ್ನು ಅಭ್ಯಸಿಸತೊಡಗಿದರು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದುದರಿಂದ ಎಚ್ಚೆತ್ತ ಅಮೆರಿಕ ಸರಕಾರವು 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ತಂದು, ಪರಭಾಷೆಗಳ ಬೋಧನೆಗೆ ಧನಸಹಾಯ ನೀಡಿತು. ಭಾರತಕ್ಕೆ ಮಾರಿದ ಗೋಧಿಯ ಬೆಲೆ ರೂಪಾಯಿಗಳಲ್ಲಿ ಸಂಗ್ರಹವಾಗುತ್ತಿತ್ತು. ಆ ಹಣದ ಒಂದು ಭಾಗದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳುಹಿಸುವ ವ್ಯವಸ್ಥೆ 1962ರಲ್ಲಿ ಆರಂಭವಾಯಿತು. ಕನ್ನಡವು ಅಲ್ಲಿಗೆ ಪ್ರವೇಶ ಪಡೆದುದು ಬರಿಯ ಸಾಹಿತ್ಯಪ್ರೀತಿಯಿಂದಲ್ಲ, ರಾಜಕೀಯ ಅಗತ್ಯದಿಂದಲೂ ಹೌದು.

ಬಾಗಿಲು ತೆರೆದಿತ್ತಾದರೂ ಒಳಗೆ ಕರೆದೊಯ್ಯುವವರು ಬೇಕಿತ್ತು. 1966ರಲ್ಲಿ ವಿಲಿಯಂ ಮೆಕಾರ್ಮ್ಯಾಕ್ ಮತ್ತು ಎಂ.ಜಿ. ಕೃಷ್ಣಮೂರ್ತಿ ಅವರು ಸಿದ್ಧಪಡಿಸಿದ ಆಡುಗನ್ನಡದ ಪಠ್ಯವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಪ್ರಕಟಿಸಿತು. ಆದರೆ ಈ ಕಾರ್ಯದಲ್ಲಿ ದೀರ್ಘಕಾಲ ತೊಡಗಿದವರು ಎ.ಕೆ. ರಾಮಾನುಜನ್. ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದಾಗಲೇ ಜನಪದ ಕಥೆಗಳನ್ನು ಸಂಗ್ರಹಿಸತೊಡಗಿದ್ದ ಅವರು, 1959ರಲ್ಲಿ ಫುಲ್‌ಬ್ರೈಟ್ ವಿದ್ವಾಂಸರಾಗಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿ, ಕನ್ನಡ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ 1963ರಲ್ಲಿ ಪಿಎಚ್.ಡಿ. ಪದವಿ ಪಡೆದರು. 1962ರಿಂದ 1993ರಲ್ಲಿ ನಿಧನರಾಗುವವರೆಗೂ ಅವರ ಕಾರ್ಯಕ್ಷೇತ್ರ ಚಿಕಾಗೋ ವಿಶ್ವವಿದ್ಯಾಲಯವಾಗಿತ್ತು. ದೇವರ ದಾಸಿಮಯ್ಯ, ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ಆಯ್ದ ವಚನಗಳ ಅನುವಾದವಾದ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪೆಂಗ್ವಿನ್ ಪ್ರಕಾಶನದಿಂದ ಹೊರಬಂದಿತು.

ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಚಿಕಾಗೋದಲ್ಲಿ ಕುಳಿತು ವಚನಗಳನ್ನು ಅನುವಾದಿಸಲು ಮುದ್ರಿತ ಪಠ್ಯಗಳು ಬೇಕು. ಆ ಪಠ್ಯಪರಂಪರೆಯ ಬುನಾದಿ ನಮ್ಮ ವಿಜಯಪುರದಲ್ಲಿಯೇ ಇದೆ. ವಕೀಲಿ ವೃತ್ತಿಯ ನಡುವೆ ಓಲೆಗರಿಗಳನ್ನು ಅರಸಿ ಅಲೆದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ತರುವಾಯ ಬಂದ ಸಂಪಾದಕರು ಆ ಕಾರ್ಯವನ್ನು ಮುಂದುವರಿಸಿದರು. ದೂರದೇಶದ ತರಗತಿಯಲ್ಲಿ ವಚನವೊಂದು ಚರ್ಚೆಗೆ ಬಂದರೆ ಅದರ ಹಿಂದೆ ಊರೂರು ತಿರುಗಿದ ಈ ಶ್ರಮವಿದೆ.

ಕನ್ನಡ ಬಲ್ಲ ಪ್ರಾಧ್ಯಾಪಕರೊಬ್ಬರು ಅಲ್ಲಿ ನೆಲೆಸಿದ್ದುದರಿಂದ ಅತಿಥಿಗಳ ಭೇಟಿಗೂ ಅರ್ಥ ಬಂದಿತು. ಚಂದ್ರಶೇಖರ ಕಂಬಾರರು 1968ರ ಸುಮಾರಿಗೆ ಚಿಕಾಗೋದಲ್ಲಿ ಬೋಧಿಸಿದರು. ಯು.ಆರ್. ಅನಂತಮೂರ್ತಿಯವರು 1978ರಲ್ಲಿ ಟಫ್ಟ್ಸ್, 1985ರಲ್ಲಿ ಅಯೋವಾ ವಿಶ್ವವಿದ್ಯಾಲಯಗಳಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಅವರ ‘ಸಂಸ್ಕಾರ’ ಕಾದಂಬರಿಯನ್ನು ರಾಮಾನುಜನ್ ಅನುವಾದಿಸಿ 1976ರಲ್ಲಿ ಪ್ರಕಟಿಸಿದ್ದರು. ಗಿರೀಶ ಕಾರ್ನಾಡರು 1987-88ರಲ್ಲಿ ಫುಲ್‌ಬ್ರೈಟ್ ನಾಟಕಕಾರರಾಗಿ ಚಿಕಾಗೋದಲ್ಲಿ ತಂಗಿದ್ದರು. ರಾಮಾನುಜನ್ ಅವರಿಂದ ಕೇಳಿದ್ದ ಜನಪದ ಕಥೆಗಳನ್ನು ಆಧರಿಸಿದ ‘ನಾಗಮಂಡಲ’ ಆ ವಿಶ್ವವಿದ್ಯಾಲಯದ ರಂಗಭೂಮಿಯ ಮೇಲೆ ಪ್ರದರ್ಶನಗೊಂಡು, 1993ರಲ್ಲಿ ಮಿನಿಯಾಪೊಲಿಸ್‌ನ ಗಥ್ರಿ ರಂಗಮಂದಿರವನ್ನೂ ತಲುಪಿತು. ಕನ್ನಡದ ಅಜ್ಜಿಯರು ಹೇಳುತ್ತಿದ್ದ ಕಥೆಯು ಸಂಗ್ರಾಹಕನ ಮೂಲಕ ನಾಟಕಕಾರನಿಗೆ ದೊರೆತು, ರಂಗಕೃತಿಯಾಗಿ ಲೋಕಕ್ಕೆ ಹೋದ ಬಗೆ ಇದು. ಒಂದು ಗಂಟೆಯ ಉಪನ್ಯಾಸದಿಂದ ಇಂತಹ ಫಲ ದೊರೆಯಲಾರದು. ಅತಿಥಿಗೆ ಬಿಡುವೂ, ಒಡನಾಡಲು ಭಾಷೆ ಬಲ್ಲವರೂ ಬೇಕು.

ಈ ವಿನಿಮಯವು ಟೀಕೆಗೆ ಹೊರತಾಗಿಲ್ಲ. ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಗ್ರಂಥದಲ್ಲಿ, ರಾಮಾನುಜನ್ ಅವರ ಅನುವಾದವು ವಚನವನ್ನು ಪಾಶ್ಚಾತ್ಯ ಓದುಗರಿಗೆ ಒಗ್ಗುವಂತೆ ಮಾರ್ಪಡಿಸುತ್ತದೆಂದು ವಾದಿಸಿದರು. ಆ ವಾದವನ್ನು ಒಪ್ಪಲಿ ಬಿಡಲಿ, ವಚನವನ್ನು ಅರ್ಥೈಸುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಅದು ಎತ್ತಿತು. ಅನುವಾದ ಹೊರಹೋಗದಿದ್ದರೆ ಈ ಚರ್ಚೆಯೂ ಹುಟ್ಟುತ್ತಿರಲಿಲ್ಲ.

ಇನ್ನೊಂದು ಮಿತಿ ಆರ್ಥಿಕವಾದುದು. ಹೈದರಾಬಾದಿನ ಕೇಂದ್ರವು ಅಮೆರಿಕದ ನೆರವು ಕುಗ್ಗಿದಂತೆ ಹೆಸರನ್ನೂ ಸ್ವರೂಪವನ್ನೂ ಬದಲಿಸಿಕೊಳ್ಳಬೇಕಾಯಿತು. ಪರರ ಹಣದಿಂದ ನಡೆಯುವ ವಿದ್ಯೆಯು ಪರರ ಅಗತ್ಯ ಮುಗಿದಾಗ ಸೊರಗುತ್ತದೆ. ಒಬ್ಬ ವ್ಯಕ್ತಿಯನ್ನೇ ನೆಚ್ಚಿದ ಪರಂಪರೆಯೂ ಆತನ ನಂತರ ಉಳಿಯುವ ಭರವಸೆಯಿಲ್ಲ. ಆದ್ದರಿಂದ ಹೊರನಾಡಿನಲ್ಲಿ ಕನ್ನಡದ ಸ್ಥಾನವನ್ನು ಕಾಯಲು ಸನ್ಮಾನ ಸಮಾರಂಭಗಳಿಗಿಂತ ಶಾಶ್ವತ ಬೋಧಕ ಹುದ್ದೆಗಳು ಅವಶ್ಯ.

ಅದಕ್ಕಿಂತ ಮೊದಲಿನ ಕೆಲಸ ನಮ್ಮಲ್ಲಿಯೇ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಈ ಭಾಗದ ಅನೇಕ ಊರುಗಳು ಮುಳುಗಿ, ಜನರು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡರು. ಮನೆ ಹೊಲಗಳಿಗೆ ಪರಿಹಾರದ ಲೆಕ್ಕವಿತ್ತು. ಊರೊಡನೆ ಹೆಣೆದುಕೊಂಡಿದ್ದ ಬೀಸುವ ಪದ, ಸೋಬಾನೆ, ಡೊಳ್ಳಿನ ಹಾಡು, ಕಥೆಗಳಿಗೆ ಅಂತಹ ಲೆಕ್ಕವಿರಲಿಲ್ಲ. ಅವುಗಳನ್ನು ಬಲ್ಲ ಹಿರಿಯರು ಇರುವಾಗಲೇ ಧ್ವನಿಮುದ್ರಿಸಿ, ಹಾಡಿದವರ ಮತ್ತು ಮೂಲ ಊರಿನ ಹೆಸರಿನೊಡನೆ ದಾಖಲಿಸಬೇಕು. 2003ರಲ್ಲಿ ಸ್ಥಾಪನೆಗೊಂಡು ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯವೂ ಇಲ್ಲಿನ ಕಾಲೇಜುಗಳೂ ಈ ಹೊಣೆಯನ್ನು ಹೊರಬಲ್ಲವು. ಹಾಗಾದಲ್ಲಿ ಹೊರನಾಡಿನ ಸಂಶೋಧಕರು ಅತಿಥಿಗಳಾಗಿ ಈ ನೆಲಕ್ಕೆ ಬಂದಾಗ ಅವರ ಮುಂದಿಡಲು ನಮ್ಮಲ್ಲಿ ಏನಾದರೂ ಇರುತ್ತದೆ. ಹಳಕಟ್ಟಿಯವರ ಸಂಗ್ರಹವು ಅರ್ಧ ಶತಮಾನದ ತರುವಾಯ ಚಿಕಾಗೋದಲ್ಲಿ ಫಲ ನೀಡಿತು. ಇಂದು ಸಂಗ್ರಹಿಸಿದುದು ಎಲ್ಲಿ, ಯಾವಾಗ ಫಲಿಸುವುದೆಂದು ಮೊದಲೇ ತಿಳಿಯದಿದ್ದರೂ, ಸಂಗ್ರಹಿಸದೆ ಬಿಟ್ಟುದು ಎಲ್ಲಿಯೂ ಫಲಿಸಲಾರದು.