ಕರಗುವ ದಡ, ಮುಳುಗುವ ಕಲ್ಲು

ಅಗಲ ಬಾಯಿಯ ಲೋಟವೊಂದರಲ್ಲಿ ನೀರು ತುಂಬಿ, ಚಿಟಿಕೆ ಚಹದ ಎಲೆಯನ್ನು ಹಾಕಿ, ಚಮಚದಿಂದ ಗುಂಡಗೆ ತಿರುಗಿಸಿ ಬಿಡಿರಿ. ತಿರುಗುವ ವಸ್ತು ಹೊರಕ್ಕೆ ಸರಿಯಬೇಕಷ್ಟೆ? ಆದರೆ ನೀರು ನಿಲ್ಲುತ್ತ ಬಂದಂತೆ ಎಲೆಗಳು ಅಂಚಿಗೆ ಹೋಗದೆ, ತಳದ ನಡುವಿನಲ್ಲಿ ಗುಡ್ಡೆಯಾಗುತ್ತವೆ. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಈ ಸೋಜಿಗವನ್ನು ಬಿಡಿಸಿ, ನದಿಗಳು ತಮ್ಮ ದಡಗಳನ್ನು ಕೊರೆಯುವ ರೀತಿಯನ್ನೂ ಇದರಿಂದಲೇ ವಿವರಿಸಿದರು.

ತಳಕ್ಕೆ ಅಂಟಿದ ನೀರು ಘರ್ಷಣೆಯಿಂದ ನಿಧಾನವಾಗುತ್ತದೆ. ಮೇಲಿನ ನೀರು ವೇಗವಾಗಿಯೇ ಇರುತ್ತದೆ. ಮೇಲಿನದು ಹೊರಕ್ಕೆ ನುಗ್ಗಿ, ಅಂಚಿನಲ್ಲಿ ಕೆಳಗಿಳಿದು, ತಳದ ಮೇಲೆ ಒಳಮುಖವಾಗಿ ಹರಿಯುತ್ತದೆ. ನದಿಯ ತಿರುವಿನಲ್ಲಿಯೂ ಹೀಗೆಯೇ. ವೇಗದ ನೀರು ಹೊರದಡದ ಬುಡವನ್ನು ಕೊರೆದು, ಆ ಮಣ್ಣನ್ನು ತಳದ ಮೂಲಕ ಒಳದಡದತ್ತ ಸಾಗಿಸುತ್ತದೆ. ಒಂದು ಕಡೆ ಮಡು, ಇನ್ನೊಂದು ಕಡೆ ಮರಳದಿಣ್ಣೆ.

ಈ ನಿಯಮದ ಫಲವನ್ನು ಅಸ್ಸಾಮಿನ ಜನರಷ್ಟು ಉಂಡವರು ನಮ್ಮ ದೇಶದಲ್ಲಿ ವಿರಳ. ಅಲ್ಲಿಯ ಬ್ರಹ್ಮಪುತ್ರವು ಒಂದೇ ಪಾತ್ರದಲ್ಲಿ ಹರಿಯುವ ನದಿಯಲ್ಲ. ಹೆಣೆದ ಜಡೆಯಂತೆ ಹಲವು ಕವಲುಗಳಾಗಿ ಹರಿಯುತ್ತದೆ. ಯಾವ ಕವಲು ಯಾವ ವರ್ಷ ಯಾವ ದಡಕ್ಕೆ ಎರಗೀತೆಂದು ಹೇಳುವುದು ಕಷ್ಟ. 1950ರ ಆಗಸ್ಟ್ 15ರಂದು 8.6 ಪ್ರಮಾಣದ ಭೂಕಂಪವಾದಾಗ ಬೆಟ್ಟಗಳು ಕುಸಿದು ಅಪಾರ ಮಣ್ಣು ನದಿಗಿಳಿಯಿತು. ದಿಬ್ರುಗಢದ ಬಳಿ ನದಿಯ ತಳವೇ ಮೇಲೆದ್ದಿತು. ಊರಿನ ಒಂದು ಭಾಗವು ನೀರುಪಾಲಾದ ಮೇಲೆ, 1954-55ರಲ್ಲಿ ಅಲ್ಲಿ ಕಲ್ಲಿನ ಚಾಚುಗಟ್ಟೆಗಳನ್ನು ಕಟ್ಟಲಾಯಿತು. 1950ರಿಂದೀಚೆಗೆ ನದಿಗಳು ಕೊರೆದೊಯ್ದ ನೆಲವು ಸುಮಾರು 4.27 ಲಕ್ಷ ಹೆಕ್ಟೇರು ಎಂದು ಅಸ್ಸಾಂ ಸರ್ಕಾರವು ಲೆಕ್ಕ ಹಾಕಿದೆ. ವೈಷ್ಣವ ಸತ್ರಗಳಿಗೆ ಹೆಸರಾದ ಮಾಜುಲಿ ದ್ವೀಪವು ಒಂದು ಕಾಲದಲ್ಲಿ 1,200 ಚದರ ಕಿಲೋಮೀಟರಿಗೂ ಮಿಕ್ಕಿ ಇತ್ತು. ಈಗ ಅದರ ಅರ್ಧದಷ್ಟೂ ಉಳಿದಿಲ್ಲ. ನೆರೆ ಇಳಿದರೆ ಹೊಲ ಮರಳಿ ಸಿಗುತ್ತದೆ. ಕೊರೆತದಲ್ಲಿ ಹೋದ ಹೊಲ ಮರಳುವುದಿಲ್ಲ. ರೈತನ ಕೈಯಲ್ಲಿ ಉಳಿಯುವುದು ಹಕ್ಕುಪತ್ರವೊಂದೇ.

ಹಾಗಾದರೆ ದಡಕ್ಕೆ ದೊಡ್ಡ ಕಲ್ಲುಗಳನ್ನು ಒಡ್ಡಿದರೆ ಸಾಲದೇ? ಎಷ್ಟು ದೊಡ್ಡವು ಎಂಬುದೇ ಪ್ರಶ್ನೆ. ನೀರು ಕಲ್ಲನ್ನು ತಳ್ಳುವ ಬಲವು ವೇಗದ ವರ್ಗಕ್ಕೂ ಕಲ್ಲಿನ ವ್ಯಾಸದ ವರ್ಗಕ್ಕೂ ಅನುಗುಣವಾಗಿದೆ. ತಡೆದು ನಿಲ್ಲುವ ತೂಕವಾದರೋ ವ್ಯಾಸದ ಘನಕ್ಕೆ ಅನುಗುಣ. ಇವೆರಡನ್ನೂ ಸರಿದೂಗಿಸಿ ನೋಡಿದರೆ, ಬೇಕಾದ ವ್ಯಾಸವು ವೇಗದ ವರ್ಗದಂತೆಯೂ ಬೇಕಾದ ತೂಕವು ವೇಗದ ಆರನೆಯ ಘಾತದಂತೆಯೂ ಏರುತ್ತದೆಂದು ತಿಳಿಯುತ್ತದೆ. ವೇಗವು ಇಮ್ಮಡಿಯಾದರೆ ಕಲ್ಲಿನ ತೂಕ 64 ಪಟ್ಟಾಗಬೇಕು. ಒಂದೂವರೆ ಪಟ್ಟಾದರೂ 11 ಪಟ್ಟು ಬೇಕು. ಬೇಸಿಗೆಯ ನದಿಯನ್ನು ನೋಡಿ ಕಲ್ಲನ್ನು ಆರಿಸಿದವನು ಮಳೆಗಾಲದಲ್ಲಿ ಪಶ್ಚಾತ್ತಾಪ ಪಡುವುದು ಈ ಕಾರಣದಿಂದ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದಡವು ಕುಸಿಯುವುದು ನೆರೆ ಏರುವಾಗ ಮಾತ್ರವಲ್ಲ, ಇಳಿಯುವಾಗಲೂ. ನೀರು ಕುಡಿದು ಭಾರವಾದ ಮಣ್ಣಿಗೆ ಹೊಳೆಯ ಆಸರೆ ತಪ್ಪುತ್ತದೆ. ಒಳಗಿನ ನೀರು ಹೊರಬರುತ್ತ ಮಣ್ಣಿನ ಕಣಗಳನ್ನೂ ಎಳೆದು ತರುತ್ತದೆ. ಆದುದರಿಂದ ಕಲ್ಲಿನ ಹಾಸಿನ ಹಿಂದೆ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವ ಸೋಸುಪದರವಿರಬೇಕು. ಹಿಂದೆ ಇದಕ್ಕೆ ಮರಳು ಮತ್ತು ಜಲ್ಲಿಯ ಪದರಗಳನ್ನು ಹಾಕುತ್ತಿದ್ದರು. ಈಗ ಕೃತಕ ನೂಲಿನ ಬಟ್ಟೆಯನ್ನು ಹಾಸುತ್ತಾರೆ.

ಬುಡದ ಕೊರೆತಕ್ಕೆ ಉಪಾಯವೇನು? 19ನೆಯ ಶತಮಾನದ ಕೊನೆಯಲ್ಲಿ ಪಂಜಾಬಿನ ನದಿಗಳಿಗೆ ಸೇತುವೆ ಕಟ್ಟುವಾಗ ಬೆಲ್ ಎಂಬ ಇಂಜಿನಿಯರರು ಬಳಕೆಗೆ ತಂದ ಕಟ್ಟೆಗಳಲ್ಲಿ ಜಾಣತನದ ಏರ್ಪಾಡೊಂದಿದೆ. ದಡದ ಬುಡದಿಂದ ಮುಂದಕ್ಕೆ ನದಿಯ ತಳದ ಮೇಲೆ ಕಲ್ಲುಗಳನ್ನು ಸಡಿಲವಾಗಿ ಹಾಸಿಬಿಡುತ್ತಾರೆ. ನೀರು ಇದರ ಅಂಚನ್ನು ಕೊರೆದಂತೆ ಕಲ್ಲುಗಳು ತಾವಾಗಿಯೇ ಉರುಳಿ, ಹೊಸದಾಗಿ ತೆರೆದ ಇಳಿಜಾರನ್ನು ಮುಚ್ಚುತ್ತವೆ. ಶತ್ರು ಮುಂದುವರಿದಷ್ಟೂ ಕಾವಲುಗಾರನು ಕೆಳಗಿಳಿದು ಬಾಗಿಲು ಹಾಕುತ್ತಾನೆ.

ಸರ್ಕಾರಿ ಗುತ್ತಿಗೆಯ ತೊಡಕು ಹುಟ್ಟುವುದು ಇಲ್ಲಿಯೇ. ಶಾಲೆಯನ್ನು ಕಟ್ಟಿಸಿದರೆ ಗೋಡೆಯನ್ನು ಅಳೆಯಬಹುದು. ಆದರೆ ಈ ಕಲ್ಲುಗಳು ಮುಳುಗಿ ಕಾಣದಾಗುವುದೇ ಅವುಗಳ ಕೆಲಸ. ನೂರು ದೋಣಿ ಕಲ್ಲು ಹಾಕಿದವನ ಕೆಲಸವೂ ಅರವತ್ತು ದೋಣಿ ಹಾಕಿ ನೂರರ ಲೆಕ್ಕ ಬರೆದವನ ಕೆಲಸವೂ ನೀರಿನ ಮೇಲಿಂದ ಒಂದೇ ತೆರನಾಗಿ ಕಾಣುತ್ತವೆ. ಮಳೆಗಾಲ ಬಂದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಆ ವ್ಯತ್ಯಾಸಕ್ಕೆ ಬೆಲೆ ತೆರುವವನು ದಡದ ನಿವಾಸಿ.

ಆದುದರಿಂದ ಇಲ್ಲಿ ಅಳತೆಯೇ ರಕ್ಷಣೆ. ಕಲ್ಲನ್ನು ನೀರಿಗೆ ಹಾಕುವ ಮೊದಲೇ ದಡದಲ್ಲಿ ಚೌಕವಾಗಿ ಒಟ್ಟಿಸಿ, ಅಳೆದು, ಅಳತೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಈಗ ಅಸ್ಸಾಮಿನಲ್ಲಿ ಕಲ್ಲಿನ ಬದಲು ಮರಳು ತುಂಬಿದ ಗಟ್ಟಿ ಚೀಲಗಳನ್ನೂ ಬಳಸುತ್ತಾರೆ. ಕಲ್ಲನ್ನು ದೂರದಿಂದ ತರಬೇಕು, ಮರಳಾದರೋ ನದಿಯೇ ಕೊಟ್ಟದ್ದು. ನೂರು ಕಿಲೋಗ್ರಾಮಿಗೂ ಮಿಕ್ಕಿ ತೂಗುವ ಈ ಚೀಲಗಳ ಬಟ್ಟೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು, ತೂಕವನ್ನು ನೋಡಬೇಕು, ಹೊಲಿಗೆಯನ್ನು ಎಳೆದು ನೋಡಬೇಕು, ಮುಳುಗಿಸುವ ಮುನ್ನ ಎಣಿಸಬೇಕು. ಕೆಲಸಕ್ಕೆ ಮೊದಲೂ ಆಮೇಲೂ ಶಬ್ದದ ಪ್ರತಿಧ್ವನಿಯಿಂದ ನದಿಯ ಆಳವನ್ನು ಅಳೆದರೆ, ಕಾಣದ ಕೆಲಸಕ್ಕೂ ಸಾಕ್ಷಿ ದೊರೆಯುತ್ತದೆ.

ಕಾಲದ ತೊಡಕೂ ಸಣ್ಣದಲ್ಲ. ಕೆಲಸಕ್ಕೆ ಅನುಕೂಲವಾದ ಕಾಲವೆಂದರೆ ನೆರೆ ಇಳಿದ ಮೇಲಿನ ಕೆಲವೇ ತಿಂಗಳು. ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು, ಠೇವಣಿ, ಕರಾರು, ಇವು ಸಾರ್ವಜನಿಕ ಹಣಕ್ಕೆ ಬೇಲಿಗಳು, ಬಿಡತಕ್ಕವಲ್ಲ. ಆದರೆ ಇವು ಮುಗಿಯುವಷ್ಟರಲ್ಲಿ ನದಿಯು ನಕ್ಷೆಯಲ್ಲಿನ ದಡವನ್ನೇ ನುಂಗಿರಬಹುದು. ಇಂಥ ಕೆಲಸಕ್ಕೆ ಇಡೀ ಮೊತ್ತವನ್ನು ಮೊದಲೇ ಗೊತ್ತುಪಡಿಸುವುದಕ್ಕಿಂತ, ಬಾಬುವಾರು ದರವನ್ನು ಒಪ್ಪಿ ನಿಜವಾಗಿ ಆದ ಅಳತೆಗೆ ಹಣ ಕೊಡುವ ಕರಾರು ಹೆಚ್ಚು ಒಗ್ಗುತ್ತದೆ. ಕೆಲಸ ಮುಗಿದ ಮೇಲೆಯೂ ಠೇವಣಿಯ ಒಂದು ಪಾಲನ್ನು ಗೊತ್ತಾದ ಅವಧಿಯವರೆಗೆ ಹಿಡಿದಿಡುವುದು ರೂಢಿ. ಆ ಅವಧಿಯಲ್ಲಿ ಒಂದು ಮಳೆಗಾಲವಾದರೂ ಸೇರಿರಬೇಕೆಂಬುದು ವಿವೇಕ. ಇಲ್ಲಿ ನಿಜವಾದ ಪರೀಕ್ಷಕನು ನದಿಯೇ ಅಲ್ಲವೇ?

ಸಣ್ಣ ಹಳ್ಳಗಳಿಗೆ ಇಷ್ಟೆಲ್ಲ ಬೇಕಿಲ್ಲ. ಲಾವಂಚದ ಬೇರುಗಳು ನೆಟ್ಟಗೆ ಆಳಕ್ಕಿಳಿದು ಮಣ್ಣನ್ನು ಬಿಗಿದು ಹಿಡಿಯುತ್ತವೆ. ಆದರೆ ಬ್ರಹ್ಮಪುತ್ರದಂಥ ನದಿಯ ಎದುರು ಹುಲ್ಲೊಂದೇ ಸಾಲದು; ಕಲ್ಲೂ ಲೆಕ್ಕವೂ ಕೂಡಿಯೇ ನಿಲ್ಲಬೇಕು. ಮುಂದೆ ಇಂಜಿನಿಯರುಗಳಾಗಲಿರುವ ತರುಣ ವಾಚಕರು ಆರನೆಯ ಘಾತದ ನಿಯಮದೊಡನೆ ಅಳತೆ ಪುಸ್ತಕವನ್ನೂ ನೆನಪಿನಲ್ಲಿಡಲಿ. ಅದರಲ್ಲಿ ಬರೆದ ಒಂದು ಸುಳ್ಳು ಅಂಕಿಯ ಹಿಂದೆ ಯಾರದೋ ಮನೆಯ ಅಂಗಳವಿರುತ್ತದೆ.