ಕಳ್ಳಿಪೀರ ಮರಳಿ ಬರುವ ಕೊಂಬೆ

ಕಳ್ಳಿಪೀರ ಎಲೆಹಸಿರು ಬಣ್ಣದ ಪುಟ್ಟ ಹಕ್ಕಿ. ತೂಕ 20 ಗ್ರಾಂ ಆಸುಪಾಸು. ಬಯಲುಸೀಮೆಯ ಹೊಲಗಳಲ್ಲಿ ಬೇಲಿಯ ತಂತಿಯ ಮೇಲೋ ಜಾಲಿಯ ಒಣಕೊಂಬೆಯ ತುದಿಯಲ್ಲೋ ಕೂತಿರುತ್ತದೆ. ಜೇನುನೊಣ ಕಂಡರೆ ಚಂಗನೆ ಹಾರಿ ಗಾಳಿಯಲ್ಲೇ ಹಿಡಿದು, ಸಾಮಾನ್ಯವಾಗಿ ಅದೇ ಕೊಂಬೆಗೆ ಮರಳುತ್ತದೆ. ಹಿಡಿದ ನೊಣವನ್ನು ಕೊಂಬೆಗೆ ಬಡಿದು, ಉಜ್ಜಿ, ಮುಳ್ಳಿನ ವಿಷ ಕಳೆದ ಮೇಲೆಯೇ ನುಂಗುವುದು. ಈ ಚಾಳಿ ತಿಳಿದವರು ಹಕ್ಕಿಯ ಹಿಂದೆ ಓಡುವುದಿಲ್ಲ. ಕೊಂಬೆಯನ್ನು ಗುರುತಿಟ್ಟುಕೊಂಡು ಅದರೆದುರು ಕಾಯುತ್ತಾರೆ. ಸಣ್ಣ ಹಕ್ಕಿಗಳ ಛಾಯಾಗ್ರಹಣದ ಮುಕ್ಕಾಲು ಪಾಲು ವಿದ್ಯೆ ಇದೇ.

ಹತ್ತಿರವಾಗುವುದು ಯಾಕೆ ಮುಖ್ಯವೆಂಬುದಕ್ಕೆ ಸರಳ ಲೆಕ್ಕವಿದೆ. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 400 ಮಿ.ಮೀ. ಲೆನ್ಸ್ ಹಾಕಿದರೆ, 10 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ 90 ಸೆಂ.ಮೀ. ಗೇಣುದ್ದದ ಹಕ್ಕಿ ಅದರಲ್ಲಿ ಕಾಲುಭಾಗವನ್ನೂ ತುಂಬುವುದಿಲ್ಲ. ದೂರ ಅರ್ಧವಾದರೆ ಹಕ್ಕಿ ಇಮ್ಮಡಿ ದೊಡ್ಡದಾಗುತ್ತದೆ. ಆದರೆ ನೇರವಾಗಿ ನಡೆದು ಹೋದರೆ ಹಾರಿಹೋಗುವುದು ಖಂಡಿತ. ಮಂಕುಬಣ್ಣದ ಬಟ್ಟೆ ತೊಟ್ಟು, ಬದುವಿನ ಮರೆಯಲ್ಲಿ ಅಲುಗಾಡದೆ ಕೂತರೆ ಹಕ್ಕಿಯೇ ಹತ್ತಿರ ಬರುತ್ತದೆ.

ಬೆಳಗಿನ ಮೊದಲೆರಡು ಗಂಟೆಯ ಎಳೆಬಿಸಿಲು ಬೆನ್ನ ಹಿಂದಿರಬೇಕು. ಕೂತ ಹಕ್ಕಿಯೂ ಕ್ಷಣಕ್ಷಣಕ್ಕೆ ಕತ್ತು ತಿರುಗಿಸುವುದರಿಂದ ಷಟರ್ ವೇಗ ಸೆಕೆಂಡಿನ 1/1000ರಷ್ಟಾದರೂ ಇರಲಿ. ಹಾರಾಟಕ್ಕೆ 1/2500 ಬೇಕು. ಫೋಕಸ್ ಕಣ್ಣಿನ ಮೇಲಿರಬೇಕು. ಬಾಲ ಮಸುಕಾದರೆ ಅಡ್ಡಿಯಿಲ್ಲ, ಕಣ್ಣು ಮಸುಕಾದರೆ ಚಿತ್ರ ಸತ್ತಂತೆ. ನೆಲಗುಬ್ಬಿಯಂಥ ಹಕ್ಕಿಗಾದರೆ ಹೊಟ್ಟೆಯಡಿಯಾಗಿ ಮಲಗಿಯೇ ತೆಗೆಯಬೇಕು. ನಿಂತು ತೆಗೆದರೆ ಬೆನ್ನು, ಮಣ್ಣು ಎರಡೂ ಒಂದೇ ಬಣ್ಣ.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮ್ ಕಾಲದಲ್ಲೇ ಹಕ್ಕಿಗಳ ಬೆನ್ನುಹತ್ತಿದವರು. ಒಂದು ರೋಲಿಗೆ 36 ಚಿತ್ರ. ತೆಗೆದದ್ದು ಹೇಗೆ ಬಂದಿದೆಯೆಂದು ತಿಳಿಯಲು ಡೆವಲಪ್ ಆಗುವವರೆಗೆ ಕಾಯಬೇಕಿತ್ತು. ಆ ಕಾಲದಲ್ಲಿ ಗೂಡಿನ ಬಳಿ ಮರೆ ಕಟ್ಟಿ ಚಿತ್ರ ತೆಗೆಯುವುದು ಎಲ್ಲೆಡೆ ರೂಢಿಯಲ್ಲಿತ್ತು. ಈಗ ಅದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಗೂಡು, ಮೊಟ್ಟೆಗಳನ್ನು ಕದಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ತಂದಿದೆ.

ಕಳ್ಳಿಪೀರಕ್ಕೆ ಗೂಡೆಂದರೆ ಮಣ್ಣಿನ ದಂಡೆಯಲ್ಲಿ ತೋಡಿದ ಬಿಲ. ಬೇಸಿಗೆಯಲ್ಲಿ ಅದು ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ತುಂಬಾ ಹೊತ್ತು ತಂತಿಯ ಮೇಲೆಯೇ ಕೂತಿದ್ದರೆ ಚಿತ್ರವೇನೋ ಸೊಗಸಾಗಿ ಬರುತ್ತದೆ. ಆದರೆ ಹಕ್ಕಿ ಬಿಲಕ್ಕೆ ಹೋಗಲು ಅಂಜುತ್ತಿದೆ, ಒಳಗೆ ಮರಿಗಳು ಹಸಿದಿವೆ. ಕ್ಯಾಮೆರಾ ಎತ್ತಿಕೊಂಡು ಆಗಲೇ ಹಿಂದೆ ಸರಿಯಬೇಕು.